ತೊಳೆದಿಟ್ಟ ರೀಲು

ಪರದೆಯ ಮೇಲೆ ಬೆಳಕು ಬಿತ್ತು, ಚಿತ್ರ ಬರಲಿಲ್ಲ.

ನಾಗೇಂದ್ರಪ್ಪ ಪ್ರೊಜೆಕ್ಟರಿನ ಲೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಂಗಿಯ ಚುಂಗಿನಿಂದ ಗಾಜು ಒರೆಸಿದ. ರೀಲು ತಿರುಗುತ್ತಲೇ ಇತ್ತು. ಸ್ಪೀಕರಿನಿಂದ ಮಾತ್ರ ಒಗ್ಗರಣೆ ಸಿಡಿದ ಹಾಗೆ ಚಟಪಟ ಸದ್ದು. ರೀಲಿನ ಮೊದಲಿಗೆ ಒಂದಿಷ್ಟು ಖಾಲಿ ಫಿಲಂ ಇರುತ್ತದಲ್ಲ, ಅದೇ ಇರಬೇಕು ಅಂದುಕೊಂಡು ಕಾದ. ಸರ್ಕಾರದ ಪ್ರಚಾರದ ವ್ಯಾನಿನಲ್ಲಿ ಅರ್ಧ ಆಯಸ್ಸು ಪ್ರೊಜೆಕ್ಟರ್ ಓಡಿಸಿದವನಿಗೆ ಖಾಲಿ ಫಿಲಂ ಎಷ್ಟು ಹೊತ್ತು ಓಡುತ್ತದೆ ಎಂದು ಗೊತ್ತಿಲ್ಲದೆ ಏನಿಲ್ಲ. ಆದರೂ ಕಾದ. ಕೆಟ್ಟದ್ದು ಆಗಿದೆ ಎಂದು ಒಪ್ಪಿಕೊಳ್ಳುವ ಮೊದಲು ಎಂಥ ಜಾಣನೂ ಒಂದು ಗಳಿಗೆ ದಡ್ಡನಾಗಿರಲು ನೋಡುತ್ತಾನೆ.

ಹೊರಗೆ ಚನ್ನಗಿರಿಯ ಪೇಟೆ ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು. ಒಳಗೆ, ಗೆಳೆಯ ಹಾಲಸ್ವಾಮಿಯ ಫೋಟೋ ಸ್ಟುಡಿಯೋದಲ್ಲಿ, ಕಿಟಕಿಗಳಿಗೆಲ್ಲ ಕರಿ ಬಟ್ಟೆ ಬಿಗಿದು ಕತ್ತಲು ಮಾಡಿತ್ತು. ಮದುಮಕ್ಕಳು ನಿಂತು ಫೋಟೋ ತೆಗೆಸಿಕೊಳ್ಳುವ ಬಣ್ಣದ ಪರದೆಯ ಮೇಲೆ ಬಿಳಿ ಪಂಚೆ ಇಳಿಬಿಟ್ಟಿದ್ದರು. "ನೀನು ರೀಲು ಏರ್ಸಿರು, ನಾನು ಮಂಡಕ್ಕಿ ಮೆಣಸಿನಕಾಯಿ ತರ್ತೀನಿ" ಎಂದು ಹೋದ ಹಾಲಸ್ವಾಮಿ ಇನ್ನೂ ಬಂದಿರಲಿಲ್ಲ. ಮಂಡಕ್ಕಿ ಅಂಗಡಿ ಇದ್ದದ್ದು ಎದುರಿಗೇ.

ನಾಗೇಂದ್ರಪ್ಪ ಮಷೀನು ನಿಲ್ಲಿಸಿ ಇನ್ನೊಂದು ಡಬ್ಬಿ ತೆಗೆದ. ಅದರ ರೀಲನ್ನು ಏರಿಸಿದ. ಬಿಳಿ. ಮತ್ತೊಂದು. ಅದೂ ಬಿಳಿ. ಮಷೀನೇ ಕೆಟ್ಟಿರಬೇಕು ಎಂಬ ಕೊನೆಯ ಆಸೆಯಿಂದ ತನ್ನ ಚೀಲಕ್ಕೆ ಕೈಹಾಕಿ, ಇಂಗ್ಲೆಂಡಿನಿಂದ ಬಂದಿದ್ದ ಹೊಸ ರೀಲನ್ನು ತೆಗೆದು ಏರಿಸಿದ. ಪಂಚೆಯ ಮೇಲೆ ತಟ್ಟನೆ ನಾಲ್ಕು ಜನ ಹುಡುಗರು ಮೂಡಿದರು. ಹಾಡು ನಡುವಿನಿಂದ ಶುರುವಾಯಿತು. ಹಿಂದೆ ಕೂತ ಡ್ರಮ್ಮಿನವನು ಡ್ರಮ್ಮು ನೋಡುವುದು ಬಿಟ್ಟು ಪಕ್ಕಕ್ಕೆ ತಿರುಗಿ, ಯಾರಿಗೋ ತಮಾಷೆ ಹೇಳಿದವನಂತೆ ನಗುತ್ತಿದ್ದ. ಮಷೀನಿಗೆ ಏನೂ ಆಗಿರಲಿಲ್ಲ. ನಾಗೇಂದ್ರಪ್ಪ ಸ್ವಿಚ್ಚು ಆರಿಸಿ ಬೆಂಚಿನ ಮೇಲೆ ಕೂತುಬಿಟ್ಟ.

ಆ ನಾಲ್ಕು ಹುಡುಗರದು ಅರವತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ನಾಲ್ಕೈದು ವರ್ಷದಲ್ಲೇ ಮುರಿದುಬಿದ್ದ ಒಂದು ರಾಕ್ ಬ್ಯಾಂಡು. ಹೆಸರು 'ದ ಲ್ಯಾಂಟರ್ನ್ಸ್'. ಅಲ್ಲಿಯವರೇ ಮರೆತ ಈ ಬ್ಯಾಂಡು ಚನ್ನಗಿರಿ ಹೊನ್ನಾಳಿ ಕಡೆಯ ಹಳ್ಳಿಗಳಲ್ಲಿ ಮನೆಮಾತಾಗಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ. ಅದಕ್ಕೆ ಕಾರಣ ನಾಗೇಂದ್ರಪ್ಪನೇ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೊನ್ನಾಳಿಗೆ ಕೋಳಿ ಸಾಕುವುದನ್ನು ಕಲಿಸಲು ಬಂದಿದ್ದ ಅಮೆರಿಕದ ಹುಡುಗನೊಬ್ಬ ಊರಿಗೆ ಹೊರಡುವಾಗ ಎರಡು ರೀಲು ಕೊಟ್ಟು ಹೋಗಿದ್ದ. ಒಂದು ಕೋಳಿ ಸಾಕಣೆಯದು, ಬಣ್ಣದ್ದು. ಇನ್ನೊಂದು ಈ ಬ್ಯಾಂಡಿನ ಒಂದು ಸಂಗೀತ ಕಛೇರಿ, ಕಪ್ಪು ಬಿಳುಪು. ನಾಗೇಂದ್ರಪ್ಪ ಅದನ್ನು ಒಂದು ಸಲ ನೋಡಿದ. ಆಮೇಲೆ ಇನ್ನೊಂದು ಸಲ. ಹಾಡಿನ ಒಂದು ಪದವೂ ತಿಳಿಯಲಿಲ್ಲ, ಆದರೆ ಮೈಯೆಲ್ಲ ಬೆಚ್ಚಗಾಗಿ, ಮನೆಗೆ ಹೋಗುವ ದಾರಿಯುದ್ದಕ್ಕೂ ಒಬ್ಬನೇ ನಗುತ್ತಾ ನಡೆದ. ಅವನ ಬಾಳಿನಲ್ಲಿ ಹಾಗೆ ನಗಿಸಿದ ಬೇರೆ ಸಂಗತಿಗಳು ಹೆಚ್ಚಿರಲಿಲ್ಲ.

ಕುಟುಂಬ ಯೋಜನೆಯ ಚಿತ್ರ ತೋರಿಸುತ್ತೇವೆಂದರೆ ಆ ಕಾಲದಲ್ಲಿ ಜನ ವ್ಯಾನು ಕಂಡರೇ ಓಡುತ್ತಿದ್ದರು. ನಾಗೇಂದ್ರಪ್ಪ ಮೊದಲು ಬ್ಯಾಂಡು ಹಾಕುವ ಉಪಾಯ ಮಾಡಿದ. ಕೆರೆಬಿಳಚಿಯಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು, "ಗಂಡಸ್ರೋ ಹೆಂಗಸ್ರೋ, ತಲೆ ಬಾಚಾಕೆ ಯಾರೂ ಇಲ್ವೇನೋ ಪಾಪ" ಎಂದು ನಕ್ಕರು. ನ್ಯಾಮತಿಯಲ್ಲಿ ಸಂತೆ ಮುಗಿಸಿದವರು ಗಾಡಿ ಕಟ್ಟದೆ ಕೂತರು. ಬಿಳಿಚೋಡಿನ ಕುರಿಗಾರರಂತೂ ವ್ಯಾನು ಬಂದರೆ, "ಡಾಕ್ಟ್ರಮ್ಮನ ಪಿಚ್ಚರ್ ಆಮೇಲೆ ಹಾಕ್ರಿ, ಮೊದ್ಲು ಲಾಟೀನು ಬ್ಯಾಂಡು ಹಾಕ್ರಿ" ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಲ್ಯಾಂಟರ್ನ್ಸ್ ಆ ಬಾಯಿಗಳಲ್ಲಿ ಲಾಟೀನು ಬ್ಯಾಂಡಾಗಿ ಹೋಗಿತ್ತು.

ಅಲ್ಲಿಂದ ಹುಚ್ಚು ಹತ್ತಿತು. ಬೆಂಗಳೂರಿಗೆ ಮೀಟಿಂಗಿಗೆ ಹೋದಾಗೆಲ್ಲ ಗುಜರಿ ಅಂಗಡಿಗಳನ್ನು ಜಾಲಾಡಿದ. ಯಾವುದೋ ಲೈಬ್ರರಿ ತೂಕಕ್ಕೆ ಹಾಕಿದ್ದ ಮೂಟೆಯಲ್ಲಿ ಕೆಲವು ರೀಲು ಸಿಕ್ಕವು, ಬೊಂಬಾಯಿಯಲ್ಲಿದ್ದ ಲಾರಿ ಡ್ರೈವರ್ ಒಬ್ಬ ಕೆಲವು ತಂದುಕೊಟ್ಟ. ಸಿಕ್ಕಿದ್ದರಲ್ಲೆಲ್ಲ ಬೆಲೆಯುಳ್ಳದ್ದು ಒಂದು ಟೆಲಿವಿಷನ್ ಕಾರ್ಯಕ್ರಮದ ಮೊದಲರ್ಧ. ಅದನ್ನು ತೋರಿಸಿದ ಟೆಲಿವಿಷನ್ನಿನವರೇ ಟೇಪಿನ ಖರ್ಚು ಉಳಿಸಲೆಂದು ಅದರ ಮೇಲೆ ಬೇರೇನೋ ತುಂಬಿಸಿ ಅಳಿಸಿಬಿಟ್ಟಿದ್ದರಂತೆ. ಹೊರದೇಶಕ್ಕೆ ಕಳಿಸಿದ್ದ ಒಂದೋ ಎರಡೋ ಫಿಲಂ ಪ್ರಿಂಟು ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲ. ಇದನ್ನು ಅವನಿಗೆ ತಿಳಿಸಿದವನು ಲೀಡ್ಸ್ ಎಂಬ ಊರಿನ ಆರ್ಥರ್ ಎಂಬ ಬಸ್ ಕಂಡಕ್ಟರ್. ಅವನಿಗೂ ಇದೇ ಹುಚ್ಚು. ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ವಿಳಾಸ ನೋಡಿ ನಾಗೇಂದ್ರಪ್ಪ ಬರೆದ ಮೊದಲ ಕಾಗದ, ಕಚೇರಿಯ ರೂಢಿಯಂತೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ ಎಂದೇ ಶುರುವಾಗಿತ್ತು. ಆರ್ಥರನಿಗೆ ಅದು ಬಹಳ ಹಿಡಿಸಿತ್ತು.

ಆರ್ಥರನ ಬಳಿ ಅದೇ ಕಾರ್ಯಕ್ರಮದ ಎರಡನೆಯ ಅರ್ಧ ಇತ್ತು. ಎರಡನ್ನೂ ಜೋಡಿಸಿದರೆ ಇಪ್ಪತ್ತು ವರ್ಷದ ಮೇಲೆ ಅದು ಮತ್ತೆ ಇಡಿಯಾಗುತ್ತಿತ್ತು. ಯಾರು ಮೊದಲು ಕಳಿಸಬೇಕು ಎಂದು ಒಂದು ವರ್ಷ ಇಬ್ಬರೂ ಹಿಂದೆ ಮುಂದೆ ನೋಡಿದರು. ಕೊನೆಗೆ ಆರ್ಥರನೇ, ಯಾರಾದರೂ ಒಬ್ಬರು ನಂಬಬೇಕಲ್ಲ, ನಾನೇ ನಂಬುತ್ತೇನೆ ಎಂದು ಬರೆದು ತನ್ನ ಅರ್ಧವನ್ನು ಪಾರ್ಸಲ್ ಮಾಡಿದ್ದ. ಜೋಡಿಸಿ, ಒಮ್ಮೆ ಕಣ್ತುಂಬ ನೋಡಿ, ಎರಡನ್ನೂ ಅವನಿಗೆ ಕಳಿಸಬೇಕು, ಅವನು ಪ್ರತಿ ಮಾಡಿಸಿ ಕೊಡುತ್ತಾನೆ ಎಂಬುದು ಮಾತು. ನನ್ನ ಅರ್ಧ ಭದ್ರವಾಗಿದೆ ಎಂದು ನಾಗೇಂದ್ರಪ್ಪ ಹೋದ ವಾರವಷ್ಟೇ ಉತ್ತರ ಹಾಕಿದ್ದ.

ಭದ್ರವಾಗಿ ಇದ್ದದ್ದು ಹಾಲಸ್ವಾಮಿಯ ಒಳಕೋಣೆಯಲ್ಲಿ. ನಾಗೇಂದ್ರಪ್ಪನಿಗೆ ಚನ್ನಗಿರಿಯಿಂದ ಜಗಳೂರಿಗೆ ವರ್ಗವಾದಾಗ ಅಲ್ಲಿ ಸಿಕ್ಕಿದ್ದು ತಗಡಿನ ಮನೆ. ಬೇಸಿಗೆಯಲ್ಲಿ ಒಳಗಿಟ್ಟ ಬೆಲ್ಲ ಕರಗುತ್ತಿತ್ತು. ಫಿಲಂ ಸುರುಟಿ ಹೋಗುತ್ತದೆಂದು ರೀಲುಗಳನ್ನೆಲ್ಲ ಗೆಳೆಯನ ಬಳಿ ಬಿಟ್ಟಿದ್ದ. ತನ್ನ ಸ್ವಂತ ಪ್ರೊಜೆಕ್ಟರನ್ನೂ ಅಲ್ಲೇ ಬಿಟ್ಟಿದ್ದ. ಚನ್ನಗಿರಿಯಲ್ಲಿದ್ದಷ್ಟು ದಿನ ಭಾನುವಾರ ಸ್ಟುಡಿಯೋದ ಬಾಗಿಲು ಹಾಕಿಕೊಂಡು ಇಬ್ಬರೂ ಅವನ್ನು ನೋಡುತ್ತಿದ್ದರು. ಹಾಲಸ್ವಾಮಿ ಡೆವಲಪರ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಡ್ರಮ್ಮು ಬಾರಿಸುತ್ತಿದ್ದ. ಅಂಥವನ ಕೈಗೆ ಕೊಟ್ಟಮೇಲೆ ನಾಗೇಂದ್ರಪ್ಪ ನಿದ್ದೆಗೆಟ್ಟದ್ದಿಲ್ಲ. ಚನ್ನಗಿರಿಗೆ ಬಂದಾಗಲೆಲ್ಲ ಡಬ್ಬಿಗಳನ್ನು ಎತ್ತಿ ತೂಗಿ ನೋಡುವುದು, ಸಮಾಧಾನಪಟ್ಟು ಚಹಾ ಕುಡಿಯುವುದು, ಅಷ್ಟೆ.

ಈಗ ಕಿಟಕಿಯ ಕರಿ ಬಟ್ಟೆ ಸರಿಸಿ, ಮೊದಲ ರೀಲನ್ನು ಬಿಚ್ಚಿ ಬೆಳಕಿಗೆ ಹಿಡಿದ. ಬಳೆ ಅಂಗಡಿಯ ಗಾಜಿನ ಕಾಗದದ ಹಾಗೆ ಆಚೆ ಬದಿ ಕಾಣುತ್ತಿತ್ತು. ಮಾರು ಮಾರು ಎಳೆದ. ಬೇರೆ ಯಾರೋ ಬದಲಾಯಿಸಿ ಇಟ್ಟಿರಬಹುದೇ ಎಂದುಕೊಳ್ಳುವಷ್ಟರಲ್ಲಿ ತುದಿ ಬಂತು. ಯಾವುದರಲ್ಲೋ ಅದ್ದುವಾಗ ಕ್ಲಿಪ್ಪು ಹಾಕಿದ್ದ ಜಾಗ. ಕ್ಲಿಪ್ಪಿನ ಅಡಿಯಲ್ಲಿ ಹೆಬ್ಬೆರಳಿನಷ್ಟು ಉಳಿದುಕೊಂಡಿತ್ತು: ಒಂದು ಭುಜ, ಒಂದು ಗಿಟಾರಿನ ಕುತ್ತಿಗೆ.

"ಬಂತೇನೋ?" ಎನ್ನುತ್ತಾ ಹಾಲಸ್ವಾಮಿ ಒಳಗೆ ಬಂದ. ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಪಂಚೆಯ ಕಡೆ ನೋಡಲಿಲ್ಲ.

"ಏನು ಬರ್ಬೇಕಿತ್ತು?"

"ಕರೆಂಟ್ ಡಿಮ್ಮು ಹೊಡಿತೈತೆ ಈ ಹೊತ್ತಿನಾಗೆ. ಸಂಜಿಕೆ ಹಾಕಾನ ತಗ."

"ಕರೆಂಟ್ ಸರಿ ಐತೆ. ಹೊಸದು ಓಡಿಸ್ದೆ, ಬಂತು."

ಹಾಲಸ್ವಾಮಿ ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿದ. ಮಂಡಕ್ಕಿಯನ್ನು ಎರಡು ಪಾಲು ಮಾಡಿ ಒಂದೊಂದರ ಮೇಲೂ ಮೆಣಸಿನಕಾಯಿ ಬಜ್ಜಿ ಇಟ್ಟ. "ಮೊದ್ಲು ತಿನ್ನು, ಆರಿ ಹೋಗ್ತೈತೆ" ಅಂದ. ನಾಗೇಂದ್ರಪ್ಪ ಬಿಚ್ಚಿದ ಫಿಲಮ್ಮನ್ನು ಕೈಯಲ್ಲಿ ಹಿಡಿದೇ ಇದ್ದ. ಅದರ ಉಳಿದ ಭಾಗ ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿತ್ತು.

"ಬೂಷ್ಟು ಬಂದಿತ್ತು ಕಣೋ" ಎಂದ ಹಾಲಸ್ವಾಮಿ, ಮಂಡಕ್ಕಿಗೆ ಹೇಳುವವನ ಹಾಗೆ. "ನೀನೇ ಹೇಳಿ ಹೋಗಿದ್ದಿ. ಬೂಷ್ಟು ಬಂದ್ರೆ ತೊಳೆದು ಇಡು ಅಂತ. ತೊಳೆದು ಇಟ್ಟೀನಿ."

ನಾಗೇಂದ್ರಪ್ಪ ಹಾಗೆ ಆಡಿದ್ದು ನಿಜ. ವರ್ಗವಾಗಿ ಹೋಗುವ ದಿನ ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದ್ದ, "ಮಳೆಗಾಲದಾಗೆ ಬೂಷ್ಟು ಬಂದ್ರೆ ತೊಳೆದು ಇಡಪ್ಪ" ಎಂದು. ಹತ್ತಿಗೆ ಔಷಧಿ ಅದ್ದಿ ಮೆಲ್ಲಗೆ ಒರೆಸುವುದಕ್ಕೆ ಇಬ್ಬರೂ ಯಾವತ್ತೂ ತೊಳೆಯುವುದು ಎಂದೇ ಅನ್ನುತ್ತಿದ್ದರು. ಇನ್ನು ಸ್ಟುಡಿಯೋಕ್ಕೆ ಬರುವ ಗಿರಾಕಿಗಳ ಬಾಯಲ್ಲಿ ತೊಳೆಯುವುದು ಎಂದರೆ ಬೇರೆ. ತೆಗೆದ ಫೋಟೋ ಮೂಡಿಸುವುದಕ್ಕೆ ಈ ಸೀಮೆಯವರೆಲ್ಲ ಹಾಗೇ ಹೇಳುವುದು. 'ಇನ್ನೂ ತೊಳೆದಿಲ್ಲ, ನಾಳೆ ಬರ್ರಿ' ಎಂಬ ಮಾತಿನ ಮೇಲೆಯೇ ಹಾಲಸ್ವಾಮಿಯ ವ್ಯಾಪಾರ ನಡೆಯುತ್ತಿತ್ತು. ಮೂರನೆಯ ಅರ್ಥವೊಂದಿತ್ತು. ಸ್ಟುಡಿಯೋಗಳಲ್ಲಿ ಫೋಟೋ ಅದ್ದಿ ಚೆಲ್ಲುವ ಹೈಪೋ ಎಂಬ ಔಷಧಿ ನೀರನ್ನು ಕೊಳ್ಳಲು ದಾವಣಗೆರೆಯಿಂದ ಒಬ್ಬ ಬರುತ್ತಿದ್ದ. ಅವನು ಹಳೆ ಎಕ್ಸ್‌ರೇ, ಹಳೆ ನೆಗೆಟಿವ್‌ಗಳನ್ನೂ ಕೊಳ್ಳುತ್ತಿದ್ದ. ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೆ ಕಪ್ಪೆಲ್ಲ ಇಳಿದು ತಳದಲ್ಲಿ ಕೂರುತ್ತದೆ. ಕಪ್ಪು ಬಿಳುಪು ಫಿಲಮ್ಮಿನ ಕಪ್ಪು ಅಂದರೆ ಬೆಳ್ಳಿ. ಅವನೂ ಅದಕ್ಕೆ ತೊಳೆಯುವುದು ಎಂದೇ ಅನ್ನುತ್ತಿದ್ದ.

"ಹಾಲ, ನೀನು ಫೋಟೋದವನು" ಎಂದ ನಾಗೇಂದ್ರಪ್ಪ. "ನಾನು ಯಾವ ತೊಳೆಯಾದು ಹೇಳ್ದೆ ಅಂತ ನಿನಗೆ ಗೊತ್ತಿರಲಿಲ್ವಾ?"

ಹಾಲಸ್ವಾಮಿ ಮೆಣಸಿನಕಾಯಿಯ ತೊಟ್ಟು ಮುರಿದು ಪಕ್ಕಕ್ಕಿಟ್ಟ.

"ಎಲ್ಲಾನೂವಾ?"

"ಬಣ್ಣದ್ದು ಒಂದು ಹಂಗೇ ಐತೆ. ಕೋಳಿದು. ಅದರಾಗೆ ಬೆಳ್ಳಿ ಇರಲ್ಲಂತೆ."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯುವುದು ಎಂಬ ಮಾತನ್ನು ನಾಗೇಂದ್ರಪ್ಪ ಎಷ್ಟೋ ಭಾಷಣಗಳಲ್ಲಿ ಕೇಳಿದ್ದ. ಮೇಯಿಸಿಕೊಂಡ ಹೊಲಕ್ಕೆ ಹೇಗಿರುತ್ತದೆ ಎಂದು ಈವತ್ತು ತಿಳಿಯಿತು.

"ಬೆಳ್ಳಿ ಎಲ್ಲೈತೆ?"

"ನನ್ನ ಮನೆಯಾಗಿಲ್ಲ. ನಿನ್ನ ಮಗಳ ಕೊರಳಾಗೆ ಐತೆ."

ಹೋದ ಶ್ರಾವಣದಲ್ಲಿ ನಾಗೇಂದ್ರಪ್ಪನ ಮಗಳು ರುದ್ರಾಣಿಗೆ ಲಿಂಗದೀಕ್ಷೆ ಆಗಿತ್ತು. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆಯನ್ನು ಸೋದರಮಾವ ತರುವುದು ಅವರಲ್ಲಿ ರೂಢಿ. ರುದ್ರಾಣಿಯ ತಾಯಿ ಅನ್ನಪೂರ್ಣಮ್ಮನಿಗೆ ಒಡಹುಟ್ಟಿದವರಿಲ್ಲ. ಚನ್ನಗಿರಿಗೆ ಬಂದಾಗಿನಿಂದ ಹಾಲಸ್ವಾಮಿಯನ್ನೇ ಅಣ್ಣ ಅನ್ನುತ್ತಿದ್ದಳು, ಪಂಚಮಿಗೆ ಉಂಡೆ ಕಳಿಸುತ್ತಿದ್ದಳು. ದೀಕ್ಷೆಯ ದಿನ ಹಾಲಸ್ವಾಮಿ ಹೊಸ ಪಂಚೆ ಉಟ್ಟು, ಹಣ್ಣು ಕಾಯಿ ಹೂವಿನ ನಡುವೆ ಕರಡಿಗೆಯನ್ನಿಟ್ಟ ತಟ್ಟೆ ಹಿಡಿದು ಜಗಳೂರಿನ ಮನೆಯ ಮೆಟ್ಟಿಲು ಹತ್ತಿದಾಗ ನಾಗೇಂದ್ರಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಒಡಹುಟ್ಟಿದ ಅಣ್ಣನೂ ಇಷ್ಟು ಮಾಡುತ್ತಿರಲಿಲ್ಲ ಎಂದು ಬಂದವರ ಮುಂದೆಲ್ಲ ಹೇಳಿಕೊಂಡಿದ್ದ.

"ನನಗೊಂದು ಉಂಗುರ ಮಾಡಿಸ್ಕಂಡಿಲ್ಲ ಕಣೋ" ಎಂದ ಹಾಲಸ್ವಾಮಿ. ಅವನ ದನಿ ಈಗ ಏರಿತು. "ಎಲ್ಲಾರೂ ಕಲರ್ ಫೋಟೋ ಅಂತ ದಾವಣಗೆರಿಗೆ ಹೋಗ್ತಾರೆ. ಈ ಅಂಗಡಿಯಾಗೆ ಏನೈತೆ? ಬರಿ ಕೈಯಾಗೆ ಹೋಗಿ ನಾನು ಸೋದರಮಾವ ಅಂತ ಹೆಂಗೆ ನಿಂತ್ಕಳ್ಳಿ? ಹತ್ತು ಸಲ ನೋಡಿದ್ದೇ ನೋಡಿದ್ವಿ, ಸಾಕಾಗಿತ್ತು. ನಿನ್ನ ಮನೆ ಬೆಳ್ಳಿ ನಿನ್ನ ಮನೆಗೇ ಬಂತು."

"ಕೇಳ್ಬೇಕಿತ್ತು."

"ತಂಗಿನ ಕೇಳಿದ್ದೆ."

ನಾಗೇಂದ್ರಪ್ಪ ತಲೆಯೆತ್ತಿದ. ಹಾಲಸ್ವಾಮಿ ಆಡಬಾರದ್ದು ಆಡಿದವನಂತೆ ಬಾಯಿ ಮುಚ್ಚಿಕೊಂಡ.

"ಒಂದು ಹೇಳು" ಎಂದ ನಾಗೇಂದ್ರಪ್ಪ. "ತೊಳೆದ ಮೇಲೆ ಬಿಸಾಡ್ಲಿಲ್ಲ ಯಾಕೆ? ಒಣಗ್ಸಿ, ರೀಲಿಗೆ ಸುತ್ತಿ, ಡಬ್ಬಿಗೆ ಹಾಕಿ ಇಟ್ಟೀಯಲ್ಲ?"

"ನೀನು ಬಂದಾಗೆಲ್ಲ ಡಬ್ಬಿ ಎತ್ತಿ ನೋಡ್ತೀಯಲ್ಲಪ್ಪ" ಎಂದ ಹಾಲಸ್ವಾಮಿ. ದನಿ ಮತ್ತೆ ಇಳಿದಿತ್ತು. "ಹಗುರಾಗಿದ್ರೆ ಬೇಜಾರ್ ಮಾಡ್ಕಂತೀಯ ಅಂತ."

ನಾಗೇಂದ್ರಪ್ಪ ಹೊಸ ರೀಲನ್ನು ಚೀಲಕ್ಕೆ ಹಾಕಿಕೊಂಡ. ಪ್ರೊಜೆಕ್ಟರನ್ನು ಮುಟ್ಟಲಿಲ್ಲ. ಅವನ ಪಾಲಿನ ಮಂಡಕ್ಕಿ ಮೇಜಿನ ಮೇಲೆ ಹಾಗೇ ಇತ್ತು. "ಊಟ ಮಾಡ್ಕಂಡು ಹೋಗಾದಲ್ವ" ಎಂದು ಹಾಲಸ್ವಾಮಿ ಬಾಗಿಲವರೆಗೂ ಬಂದ. ನಾಗೇಂದ್ರಪ್ಪ ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ಬಸ್ಸು ಹತ್ತಿದ. ಕೂತ ಕಡೆಯೆಲ್ಲ ಆರ್ಥರನಿಗೆ ಬರೆಯಬೇಕಾದ ಕಾಗದ ತಲೆಯಲ್ಲಿ ಓಡುತ್ತಿತ್ತು. ತೊಳೆದುಬಿಟ್ಟರು ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ಅವನು ಏನು ತಿಳಿದಾನು? ತಾನೇ ತೊಳೆಯಲು ಹೇಳಿದ್ದು ಎಂಬುದನ್ನು ಹೇಗೆ ಬರೆಯುವುದು? ಮುಖ ನೋಡದ ಮನುಷ್ಯ ಸಮುದ್ರದ ಆಚೆಯಿಂದ ನಂಬಿ ಕಳಿಸಿದ್ದು ಮಡಿಲಲ್ಲಿತ್ತು. ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಮನೆಯಲ್ಲಿ ಮಲಗುವವರು ಮಾಡಿದ್ದು ಇದು. ಅದನ್ನು ಯೋಚಿಸಿದರೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು, ಅದು ಯಾಕೆಂದು ಅವನಿಗೆ ತಿಳಿಯಲಿಲ್ಲ. ಹೊರಗೆ ಶೇಂಗಾ ಕಿತ್ತ ಹೊಲಗಳಲ್ಲಿ ಕುರಿಗಳು ಹರಡಿಕೊಂಡಿದ್ದವು.

ಮನೆಗೆ ಬಂದಾಗ ಅನ್ನಪೂರ್ಣಮ್ಮ ದೀಪ ಹಚ್ಚುತ್ತಿದ್ದಳು. ರುದ್ರಾಣಿ ಪಕ್ಕದ ಮನೆಗೆ ಆಡಲು ಹೋಗಿದ್ದಳು. ಗಂಡನ ಮುಖ ನೋಡಿದ ಕೂಡಲೇ ಅನ್ನಪೂರ್ಣಮ್ಮ ಕಡ್ಡಿಯನ್ನು ಕೆಳಗಿಟ್ಟಳು.

"ನೋಡಿದ್ರಾ" ಅಂದಳು.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅವಳು ಸುಳ್ಳು ಹೇಳಲಿ ಎಂದು ಅವನು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದ. ಚೀಲವನ್ನು ಗೂಟಕ್ಕೆ ಹಾಕಿದ.

"ದೀಕ್ಷೆ ದಿನ ನಿಮ್ಮ ಅಕ್ಕ, ನಿಮ್ಮ ಚಿಕ್ಕಮ್ಮ, ಎಲ್ಲಾರೂ ತಟ್ಟೆ ನೋಡಾಕೇ ಕೂತಿದ್ರು" ಎಂದಳು ಅನ್ನಪೂರ್ಣಮ್ಮ. "ಇಕಿಗೆ ತವರು ಇಲ್ಲ, ಮಾವ ಏನು ತಂದಾನು ಅಂತ. ನನ್ನ ಲಗ್ನದಾಗೂ ಹಂಗೇ ಅಂದಿದ್ರು, ನೀವು ಕೇಳಿಸ್ಕಂಡು ಸುಮ್ಮಗಿದ್ರಿ. ಅಣ್ಣ ಬಂದು, ಹಿಂಗೆ ಮಾಡಾನೇನವ್ವ ಅಂದ. ಹೂಂ ಅಂದೆ."

"ನನಗೊಂದು ಮಾತು ಹೇಳಿದ್ರೆ ಆಗ್ತಿತ್ತು."

"ಹೇಳಿದ್ರೆ ನೀವು ಬ್ಯಾಡ ಅಂತಿದ್ರಿ. ಅದಕ್ಕೆ ಹೇಳ್ಲಿಲ್ಲ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಆ ರೀಲು ನೋಡುವಾಗ ನೀವು ಹೆಂಗೆ ನಗ್ತಿದ್ರಿ ಅಂತ ನಿಮಗೆ ಗೊತ್ತೈತಾ? ಸ್ಟುಡಿಯೋ ಬಾಗಿಲ ಸಂದಿಯಾಗಿಂದ ನೋಡೀನಿ. ಈ ಮನೆಯಾಗೆ ಒಂದಿನ ಹಂಗೆ ನಕ್ಕಿಲ್ಲ ನೀವು."

ಅವಳ ಮಾತಿನಲ್ಲಿ ನಿಜವಿತ್ತು, ಅವಳು ಮಾಡಿದ್ದರಲ್ಲಿ ಮೋಸವಿತ್ತು, ಎರಡೂ ಒಂದರ ಪಕ್ಕ ಒಂದು ಕೂತಿದ್ದವು. ನಂಬಿದ ಎಮ್ಮೆ ಕೋಣ ಈಯಿತು ಎಂದು ಅವನು ಗೊಣಗಿ, ಆಡಿದ ಮೇಲೆ ಎಷ್ಟು ಸಣ್ಣ ಮಾತು ಎನಿಸಿ, ಉಣ್ಣದೆ ಮಲಗಿದ.

ಬೆಳಿಗ್ಗೆ ಅವನು ಎದ್ದು ಬರುವಷ್ಟರಲ್ಲಿ ರುದ್ರಾಣಿ ಮಿಂದು, ಒದ್ದೆ ಕೂದಲು ಬೆನ್ನಿಗೆ ಬಿಟ್ಟು ಪೂಜೆಗೆ ಕೂತಿದ್ದಳು. ದೀಕ್ಷೆಯಾದಾಗಿನಿಂದ ಒಂದು ದಿನ ತಪ್ಪಿಸಿರಲಿಲ್ಲ. ಎಡಗೈಯ ಅಂಗೈ ಮೇಲೆ ಲಿಂಗ, ಹಣೆಯಲ್ಲಿ ವಿಭೂತಿ. ಬಿಚ್ಚಿದ ಕರಡಿಗೆ ಮುಂದಿನ ತಟ್ಟೆಯಲ್ಲಿ ಖಾಲಿ ಬಿದ್ದಿತ್ತು. ನಾಗೇಂದ್ರಪ್ಪ ಹೋಗಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಅದನ್ನು ಕೈಗೆತ್ತಿಕೊಂಡ. ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ನಾಲ್ಕು ಜನ ಹುಡುಗರು, ಅವರ ಗಿಟಾರು, ಡ್ರಮ್ಮು, ಕೂಗುತ್ತಿದ್ದ ಸಾವಿರಾರು ಹುಡುಗಿಯರು, ಎಲ್ಲ ಸೇರಿ ಇಷ್ಟೇ ಆಗಿತ್ತು. ಮುಷ್ಟಿ ಬಿಗಿಯಾಯಿತು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು.

ರುದ್ರಾಣಿ ಕಣ್ಣು ಬಿಟ್ಟಳು. ಎಡಗೈ ಅಲುಗಿಸುವಂತಿರಲಿಲ್ಲ. ಬಲಗೈ ಚಾಚಿದಳು.

"ಅಪ್ಪಾ, ಕರಡಿಗೆ."

ಅವನು ಕೊಡಲಿಲ್ಲ. ಅವಳು ಕೈ ಚಾಚಿಕೊಂಡೇ ಇದ್ದಳು.

"ಕೊಡಪ್ಪ. ಲಿಂಗ ಹೊರಗೆ ಭಾಳ ಹೊತ್ತು ಇರಬಾರ್ದಂತೆ."

ಅವನು ಕೊಟ್ಟ. ಅವಳು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಮುಚ್ಚಳ ಒತ್ತಿದಳು. ಆಮೇಲೆ ಕೂದಲನ್ನು ಮುಂದಕ್ಕೆ ಎಳೆದುಕೊಂಡು ಅವನಿಗೆ ಬೆನ್ನು ತಿರುಗಿಸಿ ಕೂತು ದಾರದ ಎರಡೂ ತುದಿಗಳನ್ನು ಹಿಂದಕ್ಕೆ ಹಿಡಿದಳು. ದಿನಾ ತಾಯಿ ಕಟ್ಟುತ್ತಿದ್ದಳು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಮುಂದೆ ಬರಲಿಲ್ಲ. ನಾಗೇಂದ್ರಪ್ಪ ದಾರ ತೆಗೆದುಕೊಂಡು ಗಂಟು ಹಾಕಿದ.

"ಸಡಿಲ ಆತು" ಎಂದಳು ರುದ್ರಾಣಿ. "ಇನ್ನೊಂದು ಹಾಕು. ಇದನ್ನ ಕಳಕಂಡ್ರೆ ಜೀವ ಕಳಕಂಡಂಗೆ, ಭಾಳ ಜ್ವಾಪಾನ ಮಾಡ್ಬೇಕು ಅಂತ ಹಾಲಸ್ವಾಮಿ ಮಾವ ಹೇಳ್ಯಾನೆ."

ಒದ್ದೆ ಕೂದಲಿನ ನೀರು ಅವಳ ಕುತ್ತಿಗೆಯ ಮೇಲೆ ಇಳಿಯುತ್ತಿತ್ತು. ನಾಗೇಂದ್ರಪ್ಪ ಅದನ್ನು ಹೆಬ್ಬೆರಳಿನಿಂದ ಒರೆಸಿ, ದಾರವನ್ನು ಎಳೆದು ಇನ್ನೊಂದು ಗಂಟು ಹಾಕಿದ.